ಕೋಟಿನೊಳಗಿನ ಕೈ

ಸ್ಟುಡಿಯೋದಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ‘ಕೈ ಬಂತಾ?’ ಎಂದು ಕ್ಯಾಮೆರಾದವನು ಕೇಳುತ್ತಿದ್ದ. ‘ಕೈ ಊಟಕ್ಕೆ ಹೋಗಿದೆ ಸಾರ್’ ಎಂದು ಲೈಟಿನವನು ಹೇಳುತ್ತಿದ್ದ. ಕೈಗೆ ಜ್ವರ ಬಂದರೆ ಆ ದಿನದ ಶೂಟಿಂಗೇ ರದ್ದು. ಮೊದಮೊದಲು ಅವನಿಗೂ ನಗು ಬರುತ್ತಿತ್ತು. ತಲೆ, ಮುಖ, ಹೊಟ್ಟೆ ಎಲ್ಲ ಇರುವ ಮನುಷ್ಯನನ್ನು ಬರೀ ಕೈ ಮಾಡಿಬಿಟ್ಟರಲ್ಲ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡು ನಗುತ್ತಿದ್ದ. ವರ್ಷಗಳು ಕಳೆದಂತೆ ಆ ನಗು ನಿಂತಿತು.

ಅವನ ಕೆಲಸ ಇಷ್ಟು. ಕಪ್ಪು ಬಿಳುಪು ಚಿತ್ರಗಳ ಕಾಲದ ಒಬ್ಬ ದೊಡ್ಡ ನಟ, ಸ್ಟುಡಿಯೋದವರೆಲ್ಲರ ಬಾಯಲ್ಲಿ ‘ಯಜಮಾನರು’, ತೆರೆಯ ಮೇಲೆ ಪಿಟೀಲು ನುಡಿಸಬೇಕು. ಅವರಿಗೆ ನುಡಿಸಲು ಬಾರದು. ಹಾಗಾಗಿ ಅವರ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಮೇಲೊಂದು ದೊಗಲೆ ಕೋಟು ತೊಡಿಸುತ್ತಿದ್ದರು. ಕೋಟಿನ ಬೆನ್ನಿನಲ್ಲಿ, ಎಡಭುಜದ ಕೆಳಗೆ, ಒಂದು ಸೀಳು. ಇವನು ಯಜಮಾನರ ಬೆನ್ನಿಗೆ ಅಂಟಿ ನಿಂತು, ಆ ಸೀಳಿನಲ್ಲಿ ತನ್ನ ಎಡಗೈ ತೂರಿಸಿ, ಕೋಟಿನ ತೋಳಿನಿಂದ ಹೊರಚಾಚಿ, ಅವರ ಗದ್ದದ ಕೆಳಗಿನ ಪಿಟೀಲಿನ ಮೇಲೆ ಬೆರಳಾಡಿಸಬೇಕು. ಕಮಾನು ಎಳೆಯುವವರು ಯಜಮಾನರು. ಆ ಕಮಾನಿಗೆ ಸೋಪು ಸವರಿ ಸದ್ದೇಳದಂತೆ ಮಾಡಿರುತ್ತಿದ್ದರು. ಜನ ಕೇಳುವ ನಾದ ಮೊದಲೇ ರೆಕಾರ್ಡು ಮಾಡಿದ್ದು, ಅದೂ ಇವನದೇ. ತೆರೆಯ ಮೇಲೆ ನೋಡಿದರೆ ಯಜಮಾನರು ಕಣ್ಣು ಮುಚ್ಚಿ, ಮೈಮರೆತು ನುಡಿಸುತ್ತಿದ್ದಾರೆ! ಅವರ ಬೆನ್ನ ಹಿಂದೆ ಒಬ್ಬ ಕೋಟಿಗೆ ಮೂಗು ಒತ್ತಿಕೊಂಡು, ಬೆವರು ಒರೆಸಿಕೊಳ್ಳಲೂ ಆಗದೆ ನಿಂತಿದ್ದಾನೆಂದು ಟಿಕೆಟ್ ಕೊಂಡು ಕೂತವರಿಗೆ ಹೇಗೆ ಗೊತ್ತಾಗಬೇಕು?

ಆ ಸೀಳು ಮಾಡಿದವಳು ಸ್ಟುಡಿಯೋದ ಬಟ್ಟೆ ವಿಭಾಗದ ಹೊಲಿಗೆಯವಳು. ಅಳತೆ ತೆಗೆಯಲು ಬಂದಾಗ ‘ಕೈ ಚಾಚಿ’ ಎಂದಳು. ಇವನು ಎರಡೂ ಕೈ ಚಾಚಿದ. ‘ಒಂದು ಸಾಕು, ಇನ್ನೊಂದನ್ನ ಮನೆಗೆ ತಗೊಂಡು ಹೋಗಿ’ ಎಂದಳು. ಆ ಮಾತಿನಲ್ಲೇ ಅವನು ಬಿದ್ದುಹೋದ. ಮದುವೆಯಾಗಿ ಸ್ಟುಡಿಯೋದ ಹಿಂಬದಿಯ ಓಣಿಯಲ್ಲಿ, ಯಜಮಾನರೇ ಕೊಡಿಸಿದ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಸಂಸಾರ ಹೂಡಿದರು.

ಇನ್ನು ಅವನ ಕಿರುಬೆರಳಿನ ಕಥೆ. ಚಿಕ್ಕಂದಿನಲ್ಲಿ ಅಕ್ಕ ನೋಡದೆ ಬಾಗಿಲು ಹಾಕಿ, ಎಡಗೈಯ ಕಿರುಬೆರಳು ಸಂದಿಗೆ ಸಿಕ್ಕಿ ಜಜ್ಜಿಹೋಗಿತ್ತು. ವಾಸಿಯಾಗುವಾಗ ಸೊಟ್ಟಗಾಯಿತು. ಅಪ್ಪ ಇಲ್ಲದ ಮನೆ. ಸೋದರಮಾವ ಒಂದು ಹಳೆಯ ಪಿಟೀಲು ತಂದುಕೊಟ್ಟಾಗ ಅವನ ತಾಯಿ, ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ತಮ್ಮನನ್ನೇ ಬೈದಳು. ಕಲಿಸುವವರೂ ಆ ಬೆರಳು ನೋಡಿ ಆಗದು ಎಂದು ತಲೆಯಾಡಿಸಿದರು. ಹುಡುಗ ಬಿಡಲಿಲ್ಲ. ಸೊಟ್ಟ ಬೆರಳು ಸ್ವರದ ಮೇಲೆ ನೇರವಾಗಿ ಕೂರುತ್ತಿರಲಿಲ್ಲ, ಪಕ್ಕದಿಂದ ಮೆಲ್ಲಗೆ ಜಾರಿಬಂದು ಕೂರುತ್ತಿತ್ತು. ಆ ಜಾರುವಿಕೆಯಲ್ಲಿ ಏನೋ ಒಂದು ನೋವು ಇರುತ್ತಿತ್ತು. ಕೇಳಿದವರ ಎದೆ ಹಿಂಡುತ್ತಿತ್ತು.

ಮೊದಲ ಚಿತ್ರದ ಮೊದಲ ದಿನ ಗಡಿಬಿಡಿಯೋ ಗಡಿಬಿಡಿ. ಬೆಳಕು ಸರಿ ಇದೆಯಾ, ಸೀಳು ಕಾಣುತ್ತಾ, ಹಿಂದಿನವನ ಕೂದಲು ಇಣುಕುತ್ತಾ ಎಂದು ಎಲ್ಲ ನೋಡಿದರು. ಯಜಮಾನರ ಉಂಗುರವನ್ನು ಇವನ ಬೆರಳಿಗೆ ಹಾಕಿದರು. ಸೊಟ್ಟ ಕಿರುಬೆರಳನ್ನು ಮಾತ್ರ ಒಬ್ಬರೂ ಗಮನಿಸಲಿಲ್ಲ! ಚಿತ್ರ ಬಿಡುಗಡೆಯಾಗಿ ತೆರೆಯ ತುಂಬ ಆ ಬೆರಳು ಕುಣಿದಾಗ ನಿರ್ಮಾಪಕರು ತಲೆ ಮೇಲೆ ಕೈ ಹೊತ್ತರು. ಆದರೆ ಜನ? ಜನಕ್ಕೆ ಹುಚ್ಚು ಹಿಡಿಯಿತು. ‘ಯಜಮಾನರ ಬಾಗಿದ ಬೆರಳು’ ಎಂದು ಮನೆಮನೆಯಲ್ಲೂ ಮಾತು. ಅಂದಿನಿಂದ ಯಜಮಾನರು ಸಭೆಯಲ್ಲಿ, ಬೀದಿಯಲ್ಲಿ, ಕೊನೆಗೆ ಊಟದ ಮೇಜಿನಲ್ಲೂ ಎಡಗೈಯ ಕಿರುಬೆರಳನ್ನು ಮಡಚಿಯೇ ಇಟ್ಟುಕೊಳ್ಳಬೇಕಾಯಿತು. ವಯಸ್ಸಾಗುವ ಹೊತ್ತಿಗೆ ಅದು ಬಿಡಿಸಿದರೂ ಬಿಡಿಸಿಕೊಳ್ಳದಂತೆ ಬಾಗಿಹೋಗಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ ಇರಬೇಕು.

ಇಷ್ಟು ಕೇಳಿ ಯಜಮಾನರನ್ನು ಕಳ್ಳ ಎಂದುಬಿಡಬೇಡಿ. ಬೈಯುವ ಜಾಗ ಮುಂದೆ ಬರುತ್ತದೆ, ಆಗ ನಾನೇ ಬೈಯುತ್ತೇನೆ. ಆ ಮನುಷ್ಯನಿಗೆ ಶಾಸ್ತ್ರೀಯ ಸಂಗೀತದ ಮೇಲಿದ್ದ ಪ್ರೀತಿ ಸುಳ್ಳಾಗಿರಲಿಲ್ಲ. ಹರೆಯದಲ್ಲಿ ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಅಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿ ಒಬ್ಬ ಸಂಗೀತಗಾರರ ಕಿಟಕಿ ಇತ್ತಂತೆ. ಅದರ ಕೆಳಗೆ ನಿಂತು, ಮೈಮೇಲಿನ ಕಲ್ಲಿನ ಧೂಳು ಸಹಿತ, ಬಾಗಿಲು ಹಾಕುವ ತನಕ ಕೇಳುತ್ತಿದ್ದರಂತೆ. ಸುತ್ತಿಗೆ ಬಿದ್ದು ಬಿದ್ದು ಬೆರಳುಗಳು ಮರದ ತುಂಡಿನಂತಾಗಿದ್ದವು. ಕಲಿಯಲು ಮಾಡದ ಪ್ರಯತ್ನವಿಲ್ಲ. ಕಿವಿ ಇತ್ತು, ಬೆರಳಿರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಎಂಥ ಕಿವಿ ಅದು! ರಜೆಯ ದಿನ ಬೆಳಿಗ್ಗೆ ಇವನು ಅವರ ಮನೆಗೆ ಹೋಗಬೇಕು. ಪುಸ್ತಕಗಳ ಕೋಣೆಯಲ್ಲಿ ಕಿಟಕಿ ಪರದೆ ಎಳೆದು, ಆಳುಗಳನ್ನು ಹೊರಗೆ ಕಳಿಸಿ, ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಇವನು ನುಡಿಸುತ್ತಿದ್ದ. ಅವರು ತಲೆದೂಗುತ್ತಿರಲಿಲ್ಲ, ತಾಳ ಹಾಕುತ್ತಿರಲಿಲ್ಲ. ಶ್ರುತಿ ಕೂದಲೆಳೆಯಷ್ಟು ಜಾರಿದರೆ ಬಲಹುಬ್ಬು ಮೇಲೇಳುತ್ತಿತ್ತು, ಅಷ್ಟೇ. ಸರಿಯಾಗಿ ಕೂತರೆ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ತನ್ನನ್ನು ಹಾಗೆ ಕೇಳಿದವರನ್ನು ಇವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದಾಗ ಜನ ಚಮಚದ ಸದ್ದು ಮಾಡಿಕೊಂಡು ಕೇಳುತ್ತಿದ್ದರು. ಇಲ್ಲಿ ಒಬ್ಬರು ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ. ಅದಕ್ಕೇ ಅವನು ಸಿಕ್ಕಿಬಿದ್ದ.

ಏಕೆಂದರೆ ಒಂದು ಷರತ್ತಿತ್ತು. ಹೊರಗೆ ಎಲ್ಲೂ ನುಡಿಸಬಾರದು. ಆ ಬೆರಳನ್ನು ಒಮ್ಮೆ ಕಂಡರೆ ಸಾಕು, ಬಣ್ಣ ಬಯಲಾಗುತ್ತದೆ.

‘ಈ ಒಂದು ಚಿತ್ರ ಮುಗೀಲಿ ಕಣಯ್ಯಾ. ಆಮೇಲೆ ನಾನೇ ನಿನ್ನ ವೇದಿಕೆ ಮೇಲೆ ಕೂರಿಸಿ, ಇಷ್ಟು ದಿನ ನುಡಿಸಿದ್ದು ಈತ, ನಾನಲ್ಲ ಅಂತ ಊರಿಗೆಲ್ಲ ಹೇಳ್ತೀನಿ. ನಂಬು’ ಎಂದಿದ್ದರು ಯಜಮಾನರು.

ಇವನು ನಂಬಿದ. ಅವನ ಬದುಕಿನ ಆಸೆಯೆಲ್ಲ ಆ ಒಂದು ದಿನಕ್ಕೆ ಇಳಿದು ಕೂತಿತು. ದೊಡ್ಡ ಹೆಸರು ಬೇಕಿರಲಿಲ್ಲ, ಹಾರ ಬೇಕಿರಲಿಲ್ಲ. ಒಂದು ಸಲ, ತನ್ನ ಮುಖ ತನ್ನ ಕೈ ಎರಡೂ ಕಾಣುವಂತೆ, ಜನರ ಮುಂದೆ ಕೂತು ನುಡಿಸಬೇಕು. ಒಂದು ಚಿತ್ರ ಮುಗಿಯಿತು, ಇನ್ನೊಂದು ಬಂತು. ಅದೂ ಮುಗಿಯಿತು.

‘ರೀ, ಅವರು ಹೇಳೋದೂ ಇಲ್ಲ, ನೀವು ಕೇಳೋದೂ ಇಲ್ಲ. ನಿಮಗೆ ಬಾಯಿಲ್ವಾ?’ ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಚುಚ್ಚುತ್ತಿದ್ದಳು.

‘ಹೇಳ್ತಾರೆ ಕಣೇ. ದೊಡ್ಡವರು. ಮಾತು ತಪ್ಪಲ್ಲ.’

‘ದೊಡ್ಡವರಂತೆ! ನಿಮ್ಮ ಬೆನ್ನ ಹಿಂದೆ ಅವರು ನಿಲ್ಲಲಿ ಒಂದು ದಿನ, ಆಗ ಗೊತ್ತಾಗುತ್ತೆ ದೊಡ್ಡವರು ಯಾರು ಅಂತ.’

ಒಮ್ಮೆ ಜನರ ಮುಂದೆ ಕೂರುವ ಆ ದಿನ ಬಂದೇ ಬಂತು. ಪಟ್ಟಣದ ಸಂಗೀತ ಭವನದಲ್ಲಿ ಸಂಜೆಯ ಕಛೇರಿಗೆ ಬರಬೇಕಿದ್ದ ವಿದ್ವಾಂಸರು ಬೆಳಿಗ್ಗೆ ಹಾಸಿಗೆ ಹಿಡಿದರು. ಭವನದ ವ್ಯವಸ್ಥಾಪಕ ಇವನ ಬ್ಯಾಂಡಿನ ಕಾಲದ ಗೆಳೆಯ. ಓಡಿಬಂದು, ‘ಟಿಕೆಟ್ ಎಲ್ಲ ಖಾಲಿಯಾಗಿದೆ, ಮಾನ ಉಳಿಸಪ್ಪಾ. ನೀನೇ ಕೂರು’ ಎಂದು ಕೈ ಹಿಡಿದುಕೊಂಡ. ಇವನು ಹೆಂಡತಿಯ ಮುಖ ನೋಡಿದ. ಅವಳು ಎದ್ದು ಪೆಟ್ಟಿಗೆಯಿಂದ ಅಂಗಿ ತೆಗೆದು ಇಸ್ತ್ರಿ ಹಾಕತೊಡಗಿದಳು. ‘ಬರ್ತೀನಿ’ ಎಂದ ಇವನು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲಿಂದ ಹೋಯಿತೋ! ಓಣಿಯ ಬಾಯಲ್ಲಿ ಕಾರು ನಿಂತಿತು. ಆ ಮನೆಯ ಹೊಸ್ತಿಲು ಎಂದೂ ತುಳಿಯದ ಯಜಮಾನರು ತಲೆ ಬಗ್ಗಿಸಿ ಒಳಗೆ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ, ಮಂಚದ ತುದಿಯಲ್ಲಿ ಕುಸಿದರು.

‘ಹೋಗು’ ಎಂದರು. ‘ನಿನ್ನ ತಡೆಯೋ ಹಕ್ಕು ನನಗಿಲ್ಲ. ಆದ್ರೆ ಒಂದು ಮಾತು ಕೇಳಿಕೊಂಡು ಹೋಗು. ದೊಡ್ಡ ನಟ ಅಂತ ಜನ ನನ್ನ ಹೊಗಳ್ತಾರಲ್ಲ, ಅದು ನನಗೆ ಏನೂ ಅಲ್ಲ ಕಣಯ್ಯಾ. ಕೋಡಂಗಿ ವೇಷ ಹಾಕಿದ್ರೂ ಕೊಡ್ತಾರೆ ಅದನ್ನ. ಸಂಗೀತಗಾರ ಅಂತ ಯಾರಾದ್ರೂ ಕರೆದ್ರೆ ಆಗ ಮಾತ್ರ, ಆ ಕಿಟಕಿ ಕೆಳಗೆ ನಿಂತಿದ್ದ ಹುಡುಗನ್ನ ಒಳಗೆ ಕರೆದ ಹಾಗಾಗುತ್ತೆ. ಸುಳ್ಳು, ನನಗೆ ಗೊತ್ತು. ಆದ್ರೆ ನನ್ನ ಹತ್ರ ಇರೋ ಒಳ್ಳೇದು ಅದೊಂದೇ. ನೀನು ಇವತ್ತು ಅಲ್ಲಿ ಕೂತ್ರೆ ನಾಳೆ ನಾನು ಮತ್ತೆ ಬೀದೀಲಿ.’

ಮಾತು ಮುಗಿಸಿ ಗೊಳೋ ಎಂದು ಅತ್ತರು. ಕ್ಯಾಮೆರಾ ಮುಂದೆ ಅವರು ಅಳುವುದನ್ನು ಇವನು ಬೇಕಾದಷ್ಟು ಸಲ ನೋಡಿದ್ದ. ಆ ಅಳು ಅಂದವಾಗಿರುತ್ತಿತ್ತು. ಈ ಅಳುವಿನಲ್ಲಿ ಮೂಗು ಸೋರುತ್ತಿತ್ತು, ಬಾಯಿ ಸೊಟ್ಟಗಾಗಿತ್ತು. ನಿಜವಾದ ಅಳು. ಅದೇ ಕೆಟ್ಟದ್ದಾಯಿತು. ನಟನೆ ಎಂದು ಗೊತ್ತಾಗಿದ್ದರೆ ಇವನು ಎದ್ದು ಹೋಗಿಬಿಡುತ್ತಿದ್ದ.

ಹೆಂಡತಿ ಇಸ್ತ್ರಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇವನು ಅವಳ ಕಡೆ ನೋಡಲಿಲ್ಲ.

‘ಎದ್ದೇಳಿ ಯಜಮಾನ್ರೇ. ನಾನು ಹೋಗಲ್ಲ’ ಎಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಂಜೆ ಭವನದ ಬಾಗಿಲು ಮುಚ್ಚಿತು, ಗೆಳೆಯ ಮತ್ತೆಂದೂ ಮಾತಾಡಿಸಲಿಲ್ಲ. ಇಸ್ತ್ರಿ ಮಾಡಿದ ಅಂಗಿಯನ್ನು ಹೆಂಡತಿ ಹಾಗೇ ಮಡಚಿ ಪೆಟ್ಟಿಗೆಗೆ ಹಾಕಿದಳು. ಎಷ್ಟೋ ದಿನ ಅವನಿಗೆ ಬಡಿಸಿದಳೇ ಹೊರತು ಜೊತೆಗೆ ಕೂತು ಉಣ್ಣಲಿಲ್ಲ.

ಕಾಲ ಯಾರಪ್ಪನ ಮನೆಯದು? ಬಣ್ಣದ ಚಿತ್ರಗಳು ಬಂದವು, ಪಿಟೀಲು ನುಡಿಸುವ ನಾಯಕರು ಯಾರಿಗೂ ಬೇಡವಾದರು. ಯಜಮಾನರು ಮುದುಕರಾದರು, ಇವನೂ ಆದ. ಮಕ್ಕಳಾಗಲಿಲ್ಲ. ರಜೆಯ ಬೆಳಗಿನ ಬೆತ್ತದ ಕುರ್ಚಿ ಮಾತ್ರ ಹಾಗೇ ನಡೆಯಿತು. ಒಂದು ದಿನ ಯಜಮಾನರು ಆ ಹಳೆಯ ಕೋಟನ್ನು ಇವನ ಹೆಂಡತಿಗೆ ಕಳಿಸಿಕೊಟ್ಟರು. ಅಭಿಮಾನಿಗಳ ಸಂಘದವರು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ‘ಬೆನ್ನಿನ ಹತ್ತಿರ ಹರಿದ ಹಾಗೆ ಕಾಣುತ್ತೆ, ನೋಡಿದವರು ಏನಂದಾರು. ನಿನ್ನ ಕೈಯಲ್ಲೇ ಒಂದು ಹೊಲಿಗೆ ಹಾಕಿಬಿಡು ತಾಯಿ’ ಎಂದು ಹೇಳಿ ಕಳಿಸಿದ್ದರು. ಅವಳು ಕೋಟಿನ ಒಳಅಂಚಿನಿಂದಲೇ ಎಳೆಗಳನ್ನು ಬಿಡಿಸಿ, ಅದೇ ನೂಲಿನಿಂದ ಆ ಸೀಳನ್ನು ನೇಯ್ದು ಮುಚ್ಚಿದಳು. ಅವಳ ಕಣ್ಣಿಗೇ ಜಾಗ ಸಿಗದಷ್ಟು ಚೆನ್ನಾಗಿ ಕೂತಿತು. ‘ನೋಡಿ, ಇನ್ನೂ ಕಣ್ಣು ಮಂಜಾಗಿಲ್ಲ’ ಎಂದು ಗಂಡನಿಗೆ ತೋರಿಸಿ ಹೆಮ್ಮೆಪಟ್ಟಳು.

ಯಜಮಾನರು ಆಸ್ಪತ್ರೆ ಸೇರಿದಾಗ ಇವನು ಹೋದ. ಮಂಚದ ಪಕ್ಕದಲ್ಲಿ ಪತ್ರಿಕೆಯವನೊಬ್ಬ ಕೂತಿದ್ದ. ಇವನನ್ನು ಕಂಡು ಯಜಮಾನರ ಕಣ್ಣು ಅರಳಿತು. ಈಗ ಹೇಳುತ್ತಾರೆ ಎಂದುಕೊಂಡು ಇವನು ಮಂಚದ ಹತ್ತಿರ ಸರಿದ. ಸಾಯುವ ಮನುಷ್ಯನಿಗೆ ಇನ್ನು ಯಾರ ಭಯ?

‘ಈಗ ಯಾವುದರ ಬಗ್ಗೆ ಬೇಜಾರು ಸಾರ್?’ ಎಂದು ಪತ್ರಿಕೆಯವನು ಕೇಳಿದ.

ಯಜಮಾನರು ಇವನನ್ನೇ ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ‘ಬೆರಳು ಏಳ್ತಿಲ್ಲಪ್ಪಾ. ಪಿಟೀಲು ಮುಟ್ಟೋಕೆ ಆಗ್ತಿಲ್ಲ. ಅದೊಂದೇ ಸಂಕಟ’ ಎಂದರು.

ಬೈಯುತ್ತೇನೆ ಎಂದಿದ್ದೆನಲ್ಲ, ಜಾಗ ಇದೇ. ಹಾಳಾಗಿ ಹೋಗಲಿ ಅಂಥ ಪ್ರೀತಿ! ಸಂಗೀತವನ್ನು ಅಷ್ಟು ಪ್ರೀತಿಸಿದ ಮನುಷ್ಯ ಅದನ್ನು ನುಡಿಸಿದವನನ್ನು ಕೋಟಿನೊಳಗೇ ಬಿಟ್ಟು ಹೋದ. ಇವನು ಮಂಚದ ಕಬ್ಬಿಣದ ಸರಳು ಹಿಡಿದು ನಿಂತಿದ್ದ. ಮಾರನೆಯ ದಿನ ಯಜಮಾನರು ತೀರಿಕೊಂಡರು.

ವರ್ಷ ತುಂಬಿದಾಗ ಅಭಿಮಾನಿಗಳ ಸಂಘದವರು ನೆನಪಿನ ಸಭೆ ಮಾಡಿದರು. ಯಜಮಾನರ ಚಿತ್ರಗಳ ಪಿಟೀಲು ನುಡಿಸಬಲ್ಲವರು ಯಾರೇ ಆಗಲಿ ಬಂದು ನುಡಿಸಬಹುದು ಎಂದು ಗೋಡೆಗೆ ಹಾಳೆ ಅಂಟಿಸಿದ್ದರು. ಹೆಂಡತಿಯೇ ಅವನನ್ನು ಹೊರಡಿಸಿದಳು. ‘ಸತ್ತ ಮೇಲಾದ್ರೂ ಷರತ್ತು ಮುಗೀಲಿಲ್ವಾ? ಮೊದಲು ನುಡಿಸಿ, ಆಮೇಲೆ ಹೇಳಿ. ಕೇಳಿದ ಮೇಲೆ ಯಾರಿಗೂ ಅನುಮಾನ ಇರಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?’ ಎಂದಳು. ಪೆಟ್ಟಿಗೆಯ ತಳದಿಂದ ಆ ಅಂಗಿ ಹೊರಗೆ ಬಂತು. ಮಡಿಕೆಯ ಗೆರೆಗಳು ಹಳದಿಯಾಗಿದ್ದವು, ಇಸ್ತ್ರಿಗೂ ಹೋಗಲಿಲ್ಲ.

ಸಭೆ ಕಿಕ್ಕಿರಿದಿತ್ತು. ಗುಟ್ಟು ಗೊತ್ತಿದ್ದ ಸ್ಟುಡಿಯೋದ ಹಳಬರು ಮಾತ್ರ ಆ ಹೊತ್ತಿಗೆ ಒಬ್ಬರೂ ಉಳಿದಿರಲಿಲ್ಲ. ವೇದಿಕೆಯ ಮೇಲೆ ಯಜಮಾನರ ಆಳೆತ್ತರದ ಚಿತ್ರ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕೋಟು. ಸಂಘದ ಕಾರ್ಯದರ್ಶಿ ಇವನನ್ನು, ‘ಯಜಮಾನರ ಹತ್ತಿರ ಕೆಲಸಕ್ಕಿದ್ದ ಹಿರಿಯರು’ ಎಂದು ಪರಿಚಯಿಸಿದ. ಇವನು ಕೂತ. ಮುಖದ ಮೇಲೆ ಬೆಳಕು ಬಿತ್ತು. ಕಮಾನಿಗೆ ಸೋಪಿರಲಿಲ್ಲ.

ನುಡಿಸಿದ. ಮುದಿ ಬೆರಳು ನಡುಗಿದರೂ ಆ ಜಾರುವಿಕೆ ಬಂತು. ಎರಡನೆಯ ಭಾಗದ ಏರಿನಲ್ಲಿ ಒಂದು ಕಡೆ ಶ್ರುತಿ ಸ್ಪಷ್ಟವಾಗಿ ತಪ್ಪಿತು. ಅಭ್ಯಾಸಬಲದಿಂದ ತಲೆಯೆತ್ತಿ ಒಂದು ಹುಬ್ಬಿಗಾಗಿ ಹುಡುಕಿದ. ಎದುರಿನ ಮುಖಗಳೆಲ್ಲ ನಗುನಗುತ್ತಲೇ ಇದ್ದವು. ಮುಗಿಸಿದಾಗ ಚಪ್ಪಾಳೆ ಬಿತ್ತು.

‘ಆ ಬೆರಳನ್ನೂ ಬಿಡಲಿಲ್ಲ ನೋಡಿ!’ ಎಂದು ಕಾರ್ಯದರ್ಶಿ ಮೈಕಿನಲ್ಲಿ ನಕ್ಕ. ‘ಯಜಮಾನರ ಥರಾನೇ ಮಡಚಿ ನುಡಿಸಿದ್ರು. ಎಂಥ ಅಭಿಮಾನ!’

ಮುಂದಿನ ಸಾಲಿನ ಮುದುಕನೊಬ್ಬ ಪಕ್ಕದವನಿಗೆ, ‘ಪರವಾಗಿಲ್ಲ, ಸುಮಾರಾಗಿ ನಕಲು ಹೊಡೀತಾನೆ. ಆದ್ರೆ ಯಜಮಾನರ ಕೈಯಲ್ಲಿದ್ದ ಜೀವ ಎಲ್ಲಿಂದ ಬರಬೇಕು?’ ಎಂದದ್ದು ಇವನಿಗೆ ಕೇಳಿಸಿತು.

ಇವನು ಮೈಕು ಹಿಡಿದ. ‘ಅವರು ನುಡಿಸ್ತಿರಲಿಲ್ಲ. ಅವೆಲ್ಲ ನುಡಿಸಿದ್ದು ನಾನು. ಬೆರಳೂ ನಂದೇ’ ಎಂದ. ಮೊದಲು ಯಾರೋ ನಕ್ಕರು. ಆಮೇಲೆ ನಗು ನಿಂತು ಗುಜುಗುಜು ಎದ್ದಿತು. ‘ಉಂಡ ಮನೆಗೆ ಎರಡು ಬಗೀತೀಯಾ?’ ಎಂದು ಹಿಂದಿನಿಂದ ಒಬ್ಬ ಕೂಗಿದ. ‘ಸತ್ತವರ ಮೇಲೆ ಹೇಳೋಕೆ ನಾಚಿಕೆ ಆಗಲ್ವಾ? ಇಳಿಸ್ರೋ ಅವನ್ನ!’

ಆಗ ಹೆಂಡತಿ ಸಾಲಿನ ಮಧ್ಯದಿಂದ ಎದ್ದು ನಿಂತಳು. ‘ಕೋಟು ನೋಡ್ರಪ್ಪಾ! ಇವರು ಕೈ ತೂರಿಸೋಕೆ ಅಂತ ಬೆನ್ನಲ್ಲಿ ಒಂದು ಸೀಳು ಇದೆ. ಆ ಸೀಳು ಮಾಡಿದವಳು ನಾನೇ. ತೆಗೆದು ನೋಡಿ!’ ಎಂದು ಕೂಗುತ್ತ ವೇದಿಕೆಯ ಕಡೆ ನುಗ್ಗಿದಳು.

ಕಾರ್ಯದರ್ಶಿ ಕೆಟ್ಟವನಲ್ಲ. ನ್ಯಾಯವಾಗಿ ಬೀಗ ತೆಗೆದು, ಕೋಟನ್ನು ಹೊರಗೆ ತಂದು, ಬೆನ್ನನ್ನು ಬೆಳಕಿಗೆ ಹಿಡಿದ. ಒಳಗು ಹೊರಗು ಮಾಡಿ ಎಲ್ಲರಿಗೂ ತೋರಿಸಿದ. ಎಲ್ಲಿಯ ಸೀಳು? ಒಂದು ಎಳೆಯೂ ಏರುಪೇರಾಗಿರಲಿಲ್ಲ.

ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಆಗ ನೆನಪಾಯಿತು ಅವಳಿಗೆ. ‘ನಿನ್ನ ಕೈಯಲ್ಲೇ’ ಎಂದು ಯಜಮಾನರು ಏಕೆ ಹೇಳಿ ಕಳಿಸಿದ್ದರೆಂದು ಆಗ ತಿಳಿಯಿತು.

‘ನಾನೇ ಮುಚ್ಚಿದ್ದು. ಒಂದು ಕತ್ತರಿ ಕೊಡಿ, ಬಿಚ್ಚಿ ತೋರಿಸ್ತೀನಿ’ ಎಂದು ಅಂಗಲಾಚಿದಳು. ಕತ್ತರಿ ಎಂಬ ಮಾತು ಕೇಳಿದ್ದೇ ತಡ, ನಾಲ್ಕಾರು ಜನ ಓಡಿಬಂದು ಕೋಟಿಗೆ ಅಡ್ಡ ನಿಂತರು. ಯಾರೋ ಅವಳ ರಟ್ಟೆ ಹಿಡಿದು ಕೆಳಗಿಳಿಸಿದರು. ಗಂಡ ಹೆಂಡತಿ ಇಬ್ಬರನ್ನೂ ಪಕ್ಕದ ಬಾಗಿಲಿನಿಂದ ಹೊರಗೆ ಕಳಿಸಿದರು. ಪಿಟೀಲಿನ ಪೆಟ್ಟಿಗೆಯನ್ನು ಯಾರೋ ಹಿಂದಿನಿಂದ ತಂದುಕೊಟ್ಟರು. ಅಷ್ಟು ಮರ್ಯಾದೆ ಉಳಿದಿತ್ತು.

ಮನೆಗೆ ಬಂದು ಅವಳು ನೆಲದ ಮೇಲೆ ಕೂತು ತನ್ನ ಎರಡು ಕೈಗಳಿಂದ ಹಣೆ ಹಣೆ ಚಚ್ಚಿಕೊಂಡಳು. ‘ನನ್ನ ಕೈಯಿಂದಲೇ ಮುಚ್ಚಿಸಿದ್ನಲ್ಲ, ಪಾಪಿ! ಹೆಮ್ಮೆಪಟ್ಟೆನಲ್ರೀ ನಾನು, ಚೆನ್ನಾಗಿ ಕೂತಿದೆ ಅಂತ!’

ಅವನು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ.

‘ಅಷ್ಟು ಜನ ಇದ್ರು’ ಎಂದ. ‘ಒಬ್ಬರಿಗೂ ಗೊತ್ತಾಗಲಿಲ್ಲ ಕಣೇ.’

‘ಏನು?’

‘ಎರಡನೇ ಭಾಗದಲ್ಲಿ ಶ್ರುತಿ ತಪ್ತು. ಅಷ್ಟು ದೊಡ್ಡದಾಗಿ ತಪ್ತು. ಎಲ್ಲರೂ ಚಪ್ಪಾಳೆ ಹೊಡೆದ್ರು.’

ಅವಳು ಕಣ್ಣೊರೆಸಿಕೊಂಡು ಸಿಟ್ಟಿನಿಂದ ಅವನನ್ನು ನೋಡಿದಳು. ‘ಇಷ್ಟಾದ ಮೇಲೂ ಅವರೇ ಬೇಕಾ ನಿಮಗೆ?’

‘ಅವನು ಇದ್ದಿದ್ರೆ ಹಿಡೀತಿದ್ದ’ ಎಂದ. ಯಜಮಾನರನ್ನು ಅವನು ಏಕವಚನದಲ್ಲಿ ಕರೆದದ್ದು ಜೀವಮಾನದಲ್ಲಿ ಅದೇ ಮೊದಲು. ‘ನನ್ನ ಹಾಳು ಮಾಡಿದ. ನನ್ನ ಕೇಳಿದ್ದೂ ಅವನೊಬ್ಬನೇ.’

ಆಮೇಲೆ ಪಿಟೀಲಿನ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಅವನು ಮತ್ತೆ ನುಡಿಸಲಿಲ್ಲ.